ಹಠ ಚಾಪೆಯವರೆಗೆ ಸಾಕು

ಪುಟ್ಟಿ, ಮೊನ್ನೆ ಭಾನುವಾರ ನೀನು ನಮ್ಮ ಮನೆ ಮೆಟ್ಟಿಲು ಹತ್ತಿ ಬಂದದ್ದನ್ನು ನೋಡಿಯೇ ನನಗೆ ಅರ್ಥವಾಯಿತು. ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಸೊಂಟದ ಮೇಲೆ. ನಿನಗೆ 34, ನನಗೆ 71. ಕೊನೆಯ ಮೆಟ್ಟಿಲಿಗೆ ಕೈ ಕೊಟ್ಟು ಹತ್ತಿಸಿಕೊಂಡವಳು ನಾನು. “ಏನಿಲ್ಲ ದೊಡ್ಡಮ್ಮ, ಯೋಗ ಮಾಡೋಕೆ ಹೋಗಿ ಒಂಚೂರು ಹಿಡ್ಕೊಂಡಿದೆ” ಅಂದೆ. ಕಾಫಿ ಕುಡಿದು ಲೋಟ ಕೆಳಗಿಡುವಾಗ “ಯೋಗ ನನ್ನಂಥವಳಿಗಲ್ಲ ಬಿಡು” ಅಂತಲೂ ಅಂದೆ. ನಿನ್ನ ಸೊಂಟದ ನೋವಿಗಿಂತ ಆ ಮಾತೇ ನನ್ನನ್ನು ಎರಡು ದಿನದಿಂದ ಕೊರೆಯುತ್ತಿದೆ. ಅಷ್ಟು ಜನ ಕೂತಿದ್ದಾಗ ಬೇಡವೆಂದು ಸುಮ್ಮನಾದೆ. ಈಗ ಹೇಳುತ್ತೇನೆ, ಸಮಾಧಾನವಾಗಿ ಕೇಳು.

ಏನಾಯಿತೆಂದು ನೀನೇ ಹೇಳಿದೆ. ಫೋನಿನಲ್ಲಿ 30 ದಿನದ ಸವಾಲು ಅಂತ ಒಂದು ಪಾಠ. 12ನೇ ದಿನ ಪಶ್ಚಿಮೋತ್ತಾನಾಸನ. ಕಾಲು ಚಾಚಿ ಕೂತು, ಮುಂದೆ ಬಾಗಿ, ಹಣೆ ಮೊಣಕಾಲಿಗೆ ತಾಗಿಸಬೇಕು. ಪರದೆಯ ಮೇಲಿನ ಹುಡುಗಿಗೆ ತಾಗಿತು, ನಿನಗೆ ತಾಗಲಿಲ್ಲ. ಹಠ ಬಂತು. ಕಾಲ್ಬೆರಳು ಹಿಡಿದು ಎಳೆದೆ. ಹಿಂದಿನ ದಿನ ನಾಗವಾರದ ಆಫೀಸಿನಲ್ಲಿ 9 ಗಂಟೆ ಕುರ್ಚಿಗೆ ಅಂಟಿಕೊಂಡಿದ್ದ ಸೊಂಟ ಅದು, ಬೆಳಿಗ್ಗೆ ಎದ್ದ ತಕ್ಷಣ ಹಾಗೆ ಎಳೆದರೆ ಪಾಪ ಎಲ್ಲಿಂದ ಬರಬೇಕು?

ಈ ಹಠ ಅನ್ನುವ ಪದವೇ ನಮ್ಮನ್ನು ದಾರಿ ತಪ್ಪಿಸುತ್ತದೆ ಕಣೇ. ಮಗು ಜಾತ್ರೆಯಲ್ಲಿ ಬಲೂನು ಬೇಕೆಂದು ನೆಲಕ್ಕೆ ಬಿದ್ದು ಹೊರಳಿದರೆ ನಾವು ಹಠ ಅನ್ನುತ್ತೇವೆ. ಅದೇ ಪದ ಯೋಗದ ಮುಂದೆ ಬಂದು ಕೂತಾಗ, ಮೈಯನ್ನು ಬಗ್ಗದಿದ್ದರೂ ಬಗ್ಗಿಸುವುದೇ ಹಠಯೋಗ ಎಂದು ಯಾರಿಗಾದರೂ ಅನ್ನಿಸುತ್ತದೆ. ‘ಹ’ ಅಂದರೆ ಸೂರ್ಯ, ‘ಠ’ ಅಂದರೆ ಚಂದ್ರ, ಬಲಮೂಗಿನ ಉಸಿರು ಎಡಮೂಗಿನ ಉಸಿರು ಎರಡನ್ನೂ ಹದಕ್ಕೆ ತರುವುದು ಎಂದು ಅರ್ಥ ಹೇಳುವವರಿದ್ದಾರೆ. ಪದದ ಅರ್ಥ ಏನೇ ಇರಲಿ, ಆ ವಿದ್ಯೆಯ ಗ್ರಂಥ ಏನು ಹೇಳುತ್ತದೆ ನೋಡು. ಸುಮಾರು 15ನೇ ಶತಮಾನದಲ್ಲಿ ಸ್ವಾತ್ಮಾರಾಮ ಎಂಬಾತ ಬರೆದ ಹಠಯೋಗ ಪ್ರದೀಪಿಕೆಯಲ್ಲಿ ಯೋಗವನ್ನು ಹಾಳುಮಾಡುವ ಆರು ಸಂಗತಿಗಳನ್ನು ಎಣಿಸಿದ್ದಾನೆ. ಮಿತಿಮೀರಿದ ಊಟ, ಮಿತಿಮೀರಿದ ಮಾತು, ಜನರ ಸಹವಾಸ, ಮನಸ್ಸಿನ ಚಪಲ, ಕುರುಡು ನಿಯಮ. ಇವುಗಳ ಜೊತೆಯಲ್ಲೇ ಅತಿಯಾದ ಶ್ರಮವನ್ನೂ ಸೇರಿಸಿದ್ದಾನೆ. ಆಸನದಿಂದ ಏನು ಬರುತ್ತದೆ ಅನ್ನುವುದಕ್ಕೆ ಅವನು ಹೇಳುವುದು ಮೂರೇ: ಸ್ಥಿರತೆ, ಆರೋಗ್ಯ, ಮೈಯ ಹಗುರ. ಹಣೆ ಮೊಣಕಾಲಿಗೆ ತಾಗದವಳಿಗೆ ಇವು ದಕ್ಕುವುದಿಲ್ಲ ಅನ್ನುವ ಮಾತಿಲ್ಲ. ಇನ್ನೊಂದು ವಿಷಯ, ಅವನು ಬಿಡಿಸಿ ವಿವರಿಸಿದ ಆಸನಗಳು ಬರೀ 15. ನಿನ್ನ ಫೋನಿನ ಪಾಠ ಎರಡು ವಾರದಲ್ಲೇ ಅದನ್ನು ದಾಟಿತ್ತು.

ಮೈಗೆ ಮೀರಿ ಎಳೆದು ಪೆಟ್ಟು ತಿಂದ ಒಬ್ಬರ ಕಥೆ ಹೇಳುತ್ತೇನೆ. ನಮ್ಮ ಕುಕ್ ಟೌನಿನಿಂದ ಹಳೇ ಮದ್ರಾಸು ರಸ್ತೆ ಹಿಡಿದು ಕೆ.ಆರ್.ಪುರ, ಹೊಸಕೋಟೆ ದಾಟಿದರೆ ಕೋಲಾರ ಜಿಲ್ಲೆಯ ನರಸಾಪುರದ ಹತ್ತಿರ ಬೆಳ್ಳೂರು ಅಂತ ಊರಿದೆ. 1918ರ ಡಿಸೆಂಬರ್ 14ರಂದು, ದೇಶವೆಲ್ಲ ಇನ್‌ಫ್ಲುಯೆಂಜಾ ಜ್ವರದಲ್ಲಿ ಬೇಯುತ್ತಿದ್ದಾಗ, ಅಲ್ಲಿಯ ಮೇಷ್ಟ್ರು ಕೃಷ್ಣಮಾಚಾರ್ ಮತ್ತು ಶೇಷಮ್ಮ ದಂಪತಿಗೆ 13 ಮಕ್ಕಳಲ್ಲಿ 11ನೆಯದಾಗಿ ಒಂದು ಗಂಡು ಹುಟ್ಟಿತು. ಕಡ್ಡಿಯಂಥ ಕೈಕಾಲು, ಮುಂದಕ್ಕೆ ಬಂದ ಹೊಟ್ಟೆ. ಐದನೇ ವಯಸ್ಸಿಗೆ ಸಂಸಾರ ಬೆಂಗಳೂರಿಗೆ ಬಂತು, ಒಂಬತ್ತಕ್ಕೆ ತಂದೆ ತೀರಿಕೊಂಡರು. ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲವೂ ಆ ಹುಡುಗನನ್ನು ಹಿಂಡಿದವು. ಅವರೇ ಬಿ.ಕೆ.ಎಸ್. ಅಯ್ಯಂಗಾರ್. 1934ರಲ್ಲಿ ಮೈಸೂರಿಗೆ, ಅಕ್ಕನ ಗಂಡ ತಿರುಮಲೈ ಕೃಷ್ಣಮಾಚಾರ್ಯರ ಮನೆಗೆ ಹೋದರು. ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಯೋಗದ ಪಾಠ ಇಂಗ್ಲಿಷಿನಲ್ಲೇ ಕೇಳಿ ರೂಢಿಯಾದ ನಿನಗೆ ಇದನ್ನೂ ಹೇಳಬೇಕು: ಅವರ ‘ಯೋಗ ಮಕರಂದ’ 1934ರಲ್ಲಿ ಅಚ್ಚಾದದ್ದು ಕನ್ನಡದಲ್ಲಿ. ಹಾಸನದ ಕಡೆಯ ಅವರ ಶಿಷ್ಯ ಪಟ್ಟಾಭಿ ಜೋಯಿಸರ ‘ಯೋಗಮಾಲಾ’ 1962ರಲ್ಲಿ ಬಂದದ್ದೂ ಕನ್ನಡದಲ್ಲೇ. ಇವತ್ತು ಜಗತ್ತಿನ ದೊಡ್ಡ ದೊಡ್ಡ ಊರುಗಳಲ್ಲಿ ಕಲಿಸುವ ಎಷ್ಟೋ ಆಸನಪಾಠದ ಬೇರು ಮೈಸೂರಿನ ಆ ಒಂದು ಶಾಲೆಯಲ್ಲಿದೆ.

ಕೃಷ್ಣಮಾಚಾರ್ಯರ ಮನೆಯಲ್ಲಿ ಒಂದು ದಿನ ಹುಡುಗ ಅಯ್ಯಂಗಾರರಿಗೆ ಅಪ್ಪಣೆಯಾಯಿತು, ಹನುಮಾನಾಸನ ಮಾಡಿ ತೋರಿಸು ಎಂದು. ಒಂದು ಕಾಲು ನೇರ ಮುಂದಕ್ಕೆ, ಇನ್ನೊಂದು ನೇರ ಹಿಂದಕ್ಕೆ ಚಾಚಿ ನೆಲಕ್ಕೆ ಕೂರುವ ಆಸನ. ಹುಡುಗನಿಗೆ ಅದು ಅಭ್ಯಾಸವಿರಲಿಲ್ಲ. ಗುರುವಿನ ಮಾತು ಮೀರುವಂತಿಲ್ಲ. ಮಾಡಿದ, ತೊಡೆಯ ಹಿಂಬದಿಯ ಸ್ನಾಯು ಹರಿಯಿತು. ಬಹುಕಾಲ ಸರಿಯಾಗಿ ನಡೆಯಲಾಗಲಿಲ್ಲ ಎಂದು ಅವರೇ ಮುಂದೆ ಹೇಳಿಕೊಂಡರು. 1937ರಲ್ಲಿ ಪುಣೆಗೆ ಹೋಗಿ ತಾವೇ ಕಲಿಸತೊಡಗಿದರು. ಅಲ್ಲಿ ವರ್ಷಗಳ ಮೇಲೆ ವರ್ಷ ಕೂತು ಅವರು ಕಂಡುಹಿಡಿದದ್ದು ಏನು ಗೊತ್ತೇ? ಮರದ ಇಟ್ಟಿಗೆ, ಮಡಿಸಿದ ಕಂಬಳಿ, ಬೆಲ್ಟು, ಗೋಡೆಗೆ ಕಟ್ಟಿದ ಹಗ್ಗ, ಮಡಿಸುವ ಕುರ್ಚಿ. ಕೈ ನೆಲಕ್ಕೆ ಎಟುಕದಿದ್ದರೆ ನೆಲವನ್ನೇ ಕೈಯವರೆಗೆ ಎತ್ತಿ ತರುವ ಉಪಾಯಗಳು. ಸೊಂಟ ಹಿಡಿದವರು, ಮಂಡಿ ಸವೆದವರು, ಹೃದ್ರೋಗಿಗಳು, ಮುದುಕರು ಎಲ್ಲರೂ ತಮ್ಮ ಮೈಗೆ ತಕ್ಕಂತೆ ಆಸನದಲ್ಲಿ ನಿಲ್ಲಲು ದಾರಿಯಾಯಿತು. 2014ರಲ್ಲಿ ತೀರಿಕೊಂಡಾಗ ಅವರಿಗೆ 95. ಕ್ಷಯದ ಮಗು ಅಷ್ಟು ಬಾಳಿದ್ದಕ್ಕಿಂತ, ನೋವು ತಿಂದ ಕಾಲು ಬೇರೆಯವರ ಕಾಲಿನ ಬಗ್ಗೆ ಅಷ್ಟು ಕಾಳಜಿ ಮಾಡಿತಲ್ಲ, ನನಗೆ ಅದು ದೊಡ್ಡದು.

ನಾನೂ ಈ ಪಾಠವನ್ನು ಪೆಟ್ಟು ತಿಂದೇ ಕಲಿತದ್ದು. ನಮ್ಮಪ್ಪ ಹೊಳಲ್ಕೆರೆಯಲ್ಲಿ ಮೇಷ್ಟ್ರು. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರ ಯೋಗ ಶಿಬಿರಕ್ಕೆ ಹೋಗಿ ಬಂದವರು. ‘ತಿರುಕ’ ಅನ್ನುವ ಹೆಸರಲ್ಲಿ ಬರೆಯುತ್ತಿದ್ದ ಆ ಸ್ವಾಮೀಜಿ ನಾಡಿನ ಹಳ್ಳಿಹಳ್ಳಿಗೆ ಆಸನ ಮುಟ್ಟಿಸಿದರು. ನಮ್ಮಪ್ಪ ಬೆಳಗಿನ ಜಾವ ಜಮಖಾನ ಹಾಸಿ ನಮ್ಮನ್ನೆಲ್ಲ ಎಬ್ಬಿಸುತ್ತಿದ್ದರು. ಮದುವೆಯಾಗಿ ಈ ದಂಡು ಪ್ರದೇಶಕ್ಕೆ ಬಂದ ಮೇಲೆ ಶಾಲೆ, ಮಕ್ಕಳು, ಅತ್ತೆಯ ಆರೈಕೆ ಅಂತ ಎಲ್ಲ ಬಿಟ್ಟುಹೋಯಿತು. ನಿವೃತ್ತಿಯಾದ 58ಕ್ಕೆ ಒಂದು ಯೋಗದ ತರಗತಿ ಸೇರಿದೆ. 40 ಜನರ ಸಾಲಿನಲ್ಲಿ ಕಲಿಸುವವರು ನನ್ನ ಬೆನ್ನ ಮೇಲೆ ಎರಡೂ ಕೈ ಇಟ್ಟು, “ಇನ್ನೂ ಹೋಗುತ್ತಮ್ಮ, ಹೋಗುತ್ತೆ” ಎಂದು ಒತ್ತಿದರು. ಹೋಯಿತು. ಆರು ವಾರ ಹಾಸಿಗೆ. ಇದೇ ಪಶ್ಚಿಮೋತ್ತಾನಾಸನ, ಇದೇ ಸೊಂಟ. ನಾನೂ ನಿನ್ನಂತೆಯೇ ಇದೆಲ್ಲ ನನಗಲ್ಲ ಅಂದಿದ್ದೆ. ವರ್ಷದ ಮೇಲೆ, ಊಟದ ಮೇಜಿನ ಕುರ್ಚಿಯೊಂದನ್ನು ಗೋಡೆಗೆ ಆನಿಸಿ ಮತ್ತೆ ಶುರು ಮಾಡಿದೆ. ಆ ಕುರ್ಚಿ ಇವತ್ತಿಗೂ ತಾರಸಿಯ ಮೇಲಿದೆ, ನೀನು ನೋಡಿದ್ದೀಯ, ಬಟ್ಟೆ ಒಣಗಿಸಲು ಇಟ್ಟಿದ್ದೇನೆ ಅಂದುಕೊಂಡಿದ್ದೀಯ.

ಮೊದಲಿಗೆ ನಿನ್ನ ಮೈಯ ವಿಷಯ ಹೇಳಿಬಿಡುತ್ತೇನೆ. ದಿನವಿಡೀ ಕೂತವರಲ್ಲಿ ತೊಡೆಯ ಸಂದಿನ ಮುಂಭಾಗದ ಸ್ನಾಯು ಕುಗ್ಗುತ್ತದೆ, ಪೃಷ್ಠದ ಸ್ನಾಯು ಸೋಮಾರಿಯಾಗುತ್ತದೆ, ಹೆಗಲು ಮುಂದಕ್ಕೆ ಬಾಗುತ್ತದೆ. ಇದೆಲ್ಲದರ ಭಾರ ಹೊರುವುದು ಸೊಂಟ. ಆದ್ದರಿಂದ ನಿನಗೆ ಬೇಕಾದದ್ದು ಇನ್ನಷ್ಟು ಮುಂದೆ ಬಾಗುವುದಲ್ಲ ಕಣೇ, ನೀನು ಅದನ್ನು ದಿನಕ್ಕೆ 9 ಗಂಟೆ ಮಾಡುತ್ತಲೇ ಇದ್ದೀಯ. ಬೆನ್ನು ನಿಗುರಿಸುವುದು, ಎದೆ ಅರಳಿಸುವುದು, ಒಂಟಿಕಾಲಲ್ಲಿ ನಿಲ್ಲುವುದು, ಅದು ಬೇಕು. ಹಿಂದಿನ ಕಾಲದ ಹೆಂಗಸರಿಗೆ ಯೋಗವೇ ಬೇಕಿರಲಿಲ್ಲ, ಒರಳು ತಿರುವಿ ರಂಗೋಲಿ ಬಿಡಿಸಿ ಗಟ್ಟಿಯಾಗಿದ್ದರು ಎಂದು ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ನನ್ನ ಅಜ್ಜಿ ಜೀವಮಾನವಿಡೀ ಒಲೆಗೆ, ನೆಲಕ್ಕೆ, ಬಾವಿಗೆ ಬಗ್ಗಿದವಳು. ಕೊನೆಯ ಹತ್ತು ವರ್ಷ ಆಕಾಶ ನೋಡಲಾಗದಷ್ಟು ಗೂನಾಗಿದ್ದಳು. ನಿನ್ನ ಕುರ್ಚಿಯೂ ಅವಳ ಒಲೆಯೂ ಮಾಡುವ ಕೆಲಸ ಒಂದೇ. ದಿನಕ್ಕೆ ಹತ್ತು ನಿಮಿಷ ಬೆನ್ನನ್ನು ಎದುರು ದಿಕ್ಕಿಗೆ ತಿರುಗಿಸಿಕೊಳ್ಳಲು ಅವಳಿಗೆ ಯಾರಾದರೂ ಕಲಿಸಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಬಹುಕಾಲದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ಪ್ರಯತ್ನಿಸಬಹುದಾದವುಗಳಲ್ಲಿ ಯೋಗವೂ ಒಂದು ಎಂದು ಅಮೆರಿಕದ ವೈದ್ಯರ ಸಂಘವೇ 2017ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೆ ಈಗ ನಿನಗಿರುವುದು ಹೊಸ ನೋವು. ಮೊದಲು ಡಾಕ್ಟರಿಗೆ ತೋರಿಸು. ನೋವು ಕಾಲಿನವರೆಗೆ ಇಳಿದರೆ, ಪಾದ ಜುಮ್ಮೆಂದರೆ ಒಂದು ದಿನವೂ ತಡಮಾಡಬೇಡ.

ಇನ್ನು ಉಸಿರು. ನಾನು ಹೇಳಬೇಕೆಂದಿರುವುದರ ತಿರುಳು ಇರುವುದೇ ಇಲ್ಲಿ. ಈಗಲೇ ಬಲಗೈಯ ಮೂರು ಬೆರಳನ್ನು ಎಡ ಮಣಿಕಟ್ಟಿನ ಮೇಲೆ, ಹೆಬ್ಬೆರಳಿನ ಬುಡದ ಕೆಳಗೆ ಇಡು. ನಾಡಿ ಸಿಕ್ಕಿತೇ? ಈಗ ನಿಧಾನವಾಗಿ ಉಸಿರೆಳೆದುಕೋ, ಆಮೇಲೆ ಅದಕ್ಕಿಂತ ನಿಧಾನವಾಗಿ ಬಿಡು. ಎಳೆದುಕೊಳ್ಳುವಾಗ ನಾಡಿ ಚುರುಕಾಗುತ್ತದೆ, ಬಿಡುವಾಗ ಮೆತ್ತಗಾಗುತ್ತದೆ. ನಾನು ಶಾಲೆಯಲ್ಲಿ ಮಕ್ಕಳಿಗೆ ಇದನ್ನು ತೋರಿಸಿದಾಗ ಅವರ ಕಣ್ಣು ಅರಳುತ್ತಿದ್ದವು. ತಲೆಯಿಂದ ಹೊರಟು ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ಅನ್ನುವ ನರವೊಂದಿದೆ. ಹೃದಯಕ್ಕೆ ಲಗಾಮು ಹಾಕುವುದು ಅದೇ. ಉಸಿರು ಬಿಡುವ ಹೊತ್ತಿನಲ್ಲಿ ಆ ಲಗಾಮು ಬಿಗಿಯಾಗುತ್ತದೆ. ಸುಮ್ಮನೆ ಕೂತಾಗ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಅದನ್ನು ಆರಕ್ಕೆ ಇಳಿಸಿ ಐದು ನಿಮಿಷ ಕೂತರೆ ಮೈಯೆಲ್ಲ ಬೇರೆ ಮಾತಾಡತೊಡಗುತ್ತದೆ. ಹೃದಯಕ್ಕೆ ನೇರವಾಗಿ ನಿಧಾನ ಬಡಿ ಎಂದು ಹೇಳಲು ನಮಗೆ ಬರುವುದಿಲ್ಲ, ಹೊಟ್ಟೆಗೆ ಸುಮ್ಮನಿರು ಎಂದರೆ ಕೇಳುವುದಿಲ್ಲ. ಉಸಿರೊಂದೇ ತಾನಾಗಿಯೂ ನಡೆಯುತ್ತದೆ, ನಾವು ಹೇಳಿದಂತೆಯೂ ನಡೆಯುತ್ತದೆ. ಉಸಿರು ಅಲುಗಿದರೆ ಮನಸ್ಸು ಅಲುಗುತ್ತದೆ ಅನ್ನುವುದನ್ನು ಕಂಡುಕೊಂಡ ಹಳಬರು ಆ ಒಂದು ಬಾಗಿಲಿನಿಂದಲೇ ಒಳಗೆ ಹೋದರು. ಅಲ್ಲೂ ಅವಸರ ಕೂಡದು. ಸಿಂಹ, ಆನೆ, ಹುಲಿಯನ್ನು ಪಳಗಿಸುವ ಹಾಗೆ ಮೆಲ್ಲಮೆಲ್ಲಗೆ ಎಂದು ಪ್ರದೀಪಿಕೆಯಲ್ಲಿ ಎಚ್ಚರಿಸಿದ್ದಾರೆ.

ಆಸನದಲ್ಲಿ ನೀನು ಎಷ್ಟು ಹೋಗಬೇಕು ಅನ್ನುವುದಕ್ಕೂ ಉಸಿರೇ ಅಳತೆಗೋಲು. ಉಸಿರು ಸಿಕ್ಕಿಕೊಂಡಿತು, ಹಲ್ಲು ಕಚ್ಚಿದೆ ಅಂದರೆ ನೀನು ಒಂದು ಹೆಜ್ಜೆ ಹೆಚ್ಚು ಹೋಗಿದ್ದೀಯ. ಅಷ್ಟೇ ಹಿಂದೆ ಬಾ. ಆ ಜಾಗದಲ್ಲಿ ನಿಂತು ಐದು ಉಸಿರು ಎಣಿಸು. ದಿನದಿಂದ ದಿನಕ್ಕೆ ಆ ಜಾಗ ತಾನೇ ಮುಂದಕ್ಕೆ ಸರಿಯುತ್ತದೆ, ಕೆಲವು ದಿನ ಹಿಂದಕ್ಕೂ ಸರಿಯುತ್ತದೆ. ಮಳೆಗಾಲದಲ್ಲಿ ನನ್ನ ಮಂಡಿ ಹಿಂದಕ್ಕೇ ಎಳೆಯುತ್ತದೆ, ನಾನು ಅದರ ಜೊತೆ ವಾದಕ್ಕೆ ಇಳಿಯುವುದಿಲ್ಲ.

ನಿಮ್ಮ ದೊಡ್ಡಪ್ಪ ಆಸ್ಪತ್ರೆ ಸೇರಿದ ರಾತ್ರಿ ನೆನಪಿದೆಯಾ? ನೀನು ಬರುವ ಮೊದಲಿನ ಎರಡು ಗಂಟೆಯ ಮಾತು ಇದು, ಯಾರಿಗೂ ಹೇಳಿರಲಿಲ್ಲ. ಐಸಿಯು ಮುಂದಿನ ಬೆಂಚಿನಲ್ಲಿ ನಾನೊಬ್ಬಳೇ. ಡಾಕ್ಟರು ಬಂದು ಏನೋ ಹೇಳಿದರು, ನನಗೆ ತುಟಿ ಅಲ್ಲಾಡಿದ್ದು ಕಂಡಿತೇ ಹೊರತು ಒಂದಕ್ಷರ ಕೇಳಲಿಲ್ಲ. ಕಿವಿಯಲ್ಲಿ ರೈಲು ಓಡಿದ ಹಾಗೆ ಸದ್ದು. ಆಗ ಗಮನಕ್ಕೆ ಬಂತು, ನನ್ನ ಉಸಿರು ಗಂಟಲಲ್ಲೇ ನಿಂತಿದೆ. ಬೇರೆ ಏನೂ ತೋಚದೆ ಅದನ್ನು ಹೊರಗೆ ಬಿಟ್ಟೆ. ಮತ್ತೊಂದು, ಇನ್ನೂ ಉದ್ದಕ್ಕೆ. ಹತ್ತು ಇರಬಹುದು. ದುಃಖ ಒಂದಿಷ್ಟೂ ಕಡಿಮೆಯಾಗಲಿಲ್ಲ ಪುಟ್ಟಿ, ಯೋಗ ದುಃಖವನ್ನು ತೆಗೆಯುತ್ತದೆ ಎಂದು ನಾನು ನಿನಗೆ ಸುಳ್ಳು ಹೇಳಲಾರೆ. ಆದರೆ ಕಿವಿ ತೆರೆಯಿತು. “ಡಾಕ್ಟರೇ, ಇನ್ನೊಂದು ಸಲ ಹೇಳಿ” ಅಂದೆ. ಅವರು ಹೇಳಿದ್ದು ಅರ್ಥವಾಯಿತು, ಸಹಿ ಹಾಕಿದೆ, ನಿಮ್ಮಮ್ಮನಿಗೆ ಫೋನು ಮಾಡಿದೆ. 58ಕ್ಕೆ ಸೊಂಟ ಮುರಿದುಕೊಂಡು, ಕುರ್ಚಿ ಹಿಡಿದು, ದಿನಾ 25 ನಿಮಿಷ ನಾನು ಸುಮ್ಮನೆ ಉಸಿರೆಣಿಸಿದ್ದು ಆ ಹತ್ತು ಉಸಿರಿಗಾಗಿ ಅಂತ ನನಗೆ ಅವತ್ತು ಅನ್ನಿಸಿತು. ನಿನಗೆ ರಾತ್ರಿ ಎರಡರವರೆಗೆ ನಿದ್ದೆ ಬರುವುದಿಲ್ಲ, ಮ್ಯಾನೇಜರನ ಮೆಸೇಜು ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ ಅಂದೆಯಲ್ಲ, ಅಲ್ಲಿಗೂ ಇದೇ ಉಸಿರು ಬರುತ್ತದೆ. ಆ ನಿದ್ದೆಗೇಡು ವಾರಗಟ್ಟಲೆ ಮುಂದುವರಿದರೆ, ಮನಸ್ಸು ತೀರ ಕುಸಿದರೆ ಉಸಿರೆಣಿಸುತ್ತ ಕೂರಬೇಡ, ವೈದ್ಯರ ಹತ್ತಿರ ಹೋಗು. ನಮ್ಮ ನಿಮ್ಹಾನ್ಸ್‌ನಲ್ಲಿ ಔಷಧಿಯ ಜೊತೆಗೆ ಯೋಗವನ್ನೂ ಹೇಳಿಕೊಡುತ್ತಾರೆ, ಎರಡಕ್ಕೂ ಜಗಳವಿಲ್ಲ.

ಹಾಗೆಯೇ ಮಾತ್ರೆ ವಿಷಯ. ನಮ್ಮ ಬೀದಿಯವರೊಬ್ಬರು ಯಾವುದೋ ಶಿಬಿರದಲ್ಲಿ ಹತ್ತು ದಿನ ಕೂತು ಬಂದು ಬಿಪಿ ಮಾತ್ರೆ ನಿಲ್ಲಿಸಿಬಿಟ್ಟರು. ಎರಡೇ ತಿಂಗಳಿಗೆ ಅವರನ್ನು ಆಟೋದಲ್ಲಿ ಎತ್ತಿಕೊಂಡು ಹೋಗಬೇಕಾಯಿತು. ಬದುಕಿದ್ದಾರೆ, ಬಲಗೈ ಇನ್ನೂ ಪೂರ್ತಿ ಬಂದಿಲ್ಲ. ಆಸನ, ಪ್ರಾಣಾಯಾಮದಿಂದ ರಕ್ತದೊತ್ತಡ ಇಳಿಯಲು ಸಹಾಯವಾಗುವುದು ನಿಜ. ಮಾತ್ರೆ ಕಡಿಮೆ ಮಾಡುವುದು ಕೊಟ್ಟ ಡಾಕ್ಟರ ಕೆಲಸ. ಬಿಪಿ ಇರುವವರಿಗೆ ರಭಸದ ಕಪಾಲಭಾತಿಯೂ ಬೇಡ, ಉಸಿರು ಕಟ್ಟಿ ಹಿಡಿಯುವುದೂ ಬೇಡ. ಮೂಳೆ ಸವೆದ ನನ್ನ ವಯಸ್ಸಿನವರು ಬೆನ್ನು ಗುಂಡಗೆ ಮಾಡಿ ಮುಂದೆ ಬಾಗಿದರೆ ಬೆನ್ನೆಲುಬು ಕುಸಿಯುವುದುಂಟು.

ಇನ್ನೊಂದನ್ನು ನಿನಗೇ ಅಂತ ಹೇಳಬೇಕು. ಫೋನಿನ ಪಾಠದ 21ನೇ ದಿನ ಶೀರ್ಷಾಸನ ಇದೆ ಅಂದೆ. ನನ್ನ ಅಮ್ಮನಿಗೆ, ಅಂದರೆ ನಿನ್ನ ಅಜ್ಜಿಗೆ, ಗ್ಲಾಕೋಮಾ ಇತ್ತು. ನನಗೂ ಇದೆ, ದಿನಾ ಹನಿ ಹಾಕಿಕೊಳ್ಳುತ್ತೇನೆ. ತಲೆ ಕೆಳಗಾಗಿ ನಿಂತಾಗ ಕಣ್ಣಿನೊಳಗಿನ ಒತ್ತಡ ಸುಮಾರು ಎರಡರಷ್ಟಾಗುತ್ತದೆ ಎಂದು ಕಣ್ಣಿನ ವೈದ್ಯರು ಅಳೆದು ನೋಡಿದ್ದಾರೆ. ಈ ಕಾಯಿಲೆ ರಕ್ತಸಂಬಂಧದಲ್ಲಿ ಹರಿಯುತ್ತದೆ, ಮೊದಮೊದಲು ಗೊತ್ತೇ ಆಗುವುದಿಲ್ಲ. ಒಮ್ಮೆ ಕಣ್ಣು ಪರೀಕ್ಷೆ ಮಾಡಿಸು. ಅಲ್ಲಿಯವರೆಗೆ ತಲೆ ಮೇಲೇ ಇರಲಿ. ಬೇಕಾದರೆ ನೆಲದ ಮೇಲೆ ಮಲಗಿ ಕಾಲನ್ನು ಕುರ್ಚಿಯ ಮೇಲೆ ಇಟ್ಟುಕೋ, ದಣಿದ ಕಾಲಿಗೂ ದಣಿದ ತಲೆಗೂ ಅದು ಸಾಕು.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುವುದು ನಿನಗೂ ಗೊತ್ತು. ಹೊಟ್ಟೆಯ ಕಾಲುಭಾಗ ಖಾಲಿ ಬಿಡು ಎಂದು ಹಠಯೋಗದವರು ಹೇಳುವುದೂ ಅದನ್ನೇ. ರಾತ್ರಿ ಹತ್ತೂವರೆಗೆ ಆರ್ಡರ್ ಮಾಡುವ ಬಿರಿಯಾನಿ ಎಂಟಕ್ಕೆ ಬರಲಿ, ಅಷ್ಟಾದರೂ ಮಾಡು.

ಈಗ ನಾನು ಕೇಳುವುದು ಇಷ್ಟೇ. ಡಾಕ್ಟರು ಆಗಬಹುದು ಅಂದ ಮೇಲೆ, ಬೆಳಿಗ್ಗೆ ಆರಕ್ಕೆ ನಮ್ಮ ತಾರಸಿಗೆ ಬಾ. ವೀಲರ್ ರಸ್ತೆಯ ಹಿಂದಿನ ನಿನ್ನ ಮನೆಯಿಂದ ಹತ್ತು ನಿಮಿಷದ ನಡಿಗೆ. ಬರಲೇಬೇಕು ಅಂತ ಹಠ ಮಾಡು, ಚಾಪೆ ಹಾಸುವವರೆಗೆ ಆ ಹಠ ಇರಲಿ. ಚಾಪೆ ಹತ್ತಿದ ಮೇಲೆ ಅದನ್ನು ಚಪ್ಪಲಿಯ ಪಕ್ಕ ಬಿಟ್ಟುಬಿಡು. ಗೋಡೆಗೆ ಬೆನ್ನು ಕೊಟ್ಟು ತಾಡಾಸನ. ಕುರ್ಚಿಯ ಬೆನ್ನು ಹಿಡಿದು, ಸೊಂಟ ಹಿಂದಕ್ಕೆ ಎಳೆದು, ಬೆನ್ನು ಹಲಗೆಯಂತೆ ಇಟ್ಟು ಅರ್ಧ ಬಾಗುವುದು. ಕಂಬಿ ಹಿಡಿದು ಒಂಟಿಕಾಲಿನ ವೃಕ್ಷಾಸನ. ಎದೆ ನಾಲ್ಕು ಬೆರಳು ಮಾತ್ರ ಎತ್ತುವ ಭುಜಂಗಾಸನ. ಆಮೇಲೆ ಕಾಲು ಕುರ್ಚಿಯ ಮೇಲೆ, ಉಸಿರು ಎಣಿಕೆ, ಶವಾಸನ. ಮೊದಲ ತಿಂಗಳು ಇಷ್ಟೇ. ನಿನಗೆ ಬೇಜಾರಾಗುತ್ತದೆ, ಗೊತ್ತು. ಮೂರನೇ ವಾರ ಮೆಟ್ಟಿಲು ಹತ್ತುವಾಗ ಕಂಬಿಗೆ ಕೈ ಹಾಕಿದೆಯಾ ಇಲ್ಲವಾ ಅಂತ ನಾನು ಮೇಲಿಂದ ನೋಡುತ್ತಿರುತ್ತೇನೆ.

ಬೆಳಗಾದರೆ ಈಸ್ಟ್ ಸ್ಟೇಷನ್ ಕಡೆಯಿಂದ ರೈಲಿನ ಸದ್ದು ಕೇಳುತ್ತದೆ, ಮಳೆಮರದ ಮೇಲೆ ಗಿಣಿಗಳ ಗಲಾಟೆ ಶುರುವಾಗುತ್ತದೆ, ಅದು ನಮ್ಮ ಪಾಠಕ್ಕೆ ಅಡ್ಡಿಯಲ್ಲ. ಫೋನು ಮನೆಯಲ್ಲೇ ಬಿಟ್ಟು ಬಾ. ಖಾಲಿ ಹೊಟ್ಟೆಯಲ್ಲಿ ಬಾ. ದಪ್ಪನೆಯ ಒಂದು ಹೊದಿಕೆ ತಂದರೆ ಸಾಕು, ಇನ್ನೊಂದು ಕುರ್ಚಿ ನಾನು ಇವತ್ತೇ ಮೇಲೆ ಇರಿಸಿದ್ದೇನೆ. ಕೆಳಗಿನ ಗೇಟಿನ ಚಿಲಕ ಬಿಗಿ, ಎಡಕ್ಕೆ ಎತ್ತಿ ಎಳೆ.